ಸೀನಿನ ಕಾಲವೂ ಸಾಂಬ್ರಾಣಿಯ ಹೊಗೆಯೂ

ಮಳೆಗಾಲವು ಹಿಂದೆಗೆದು ಚಳಿಯು ಕಾಲಿಡುವ ಸಮಯದಲ್ಲಿ ಬೆಂಗಳೂರಿನ ಅನೇಕ ಮನೆಗಳು ಸೀನಿನ ಸದ್ದಿನಿಂದಲೇ ಎಚ್ಚರಗೊಳ್ಳುವುವು. ನಮ್ಮ ಹಿರಿಯರು ಒಂಟಿ ಸೀನನ್ನು ಅಪಶಕುನವೆಂದು ಎಣಿಸುತ್ತಿದ್ದರು. ಒಂದೇ ಸಮನೆ ಹದಿನೇಳು ಸಲ ಸೀನುವ ಮಗುವಿಗೆ ಏನು ಫಲ ಹೇಳುತ್ತಿದ್ದರೋ ನಾನರಿಯೆ. ಅಂತಹ ಮಗುವೊಂದು ನಮ್ಮ ಮನೆಯಲ್ಲಿಯೇ ಇರುವುದರಿಂದ, ಈ ವಿಷಯದಲ್ಲಿ ನಾನು ಕಲಿತುದನ್ನೂ, ಕಲಿಯುವ ಮೊದಲು ಮಾಡಿದ ತಪ್ಪನ್ನೂ ಸೋದರಿಯರ ಮುಂದಿಡಬೇಕೆಂದು ತೋರಿತು.

ಈ ಬೇನೆಯು ನೆಗಡಿಯಂತೆ ಕಂಡರೂ ನೆಗಡಿಯಲ್ಲ. ನೆಗಡಿಯು ಒಬ್ಬರಿಂದೊಬ್ಬರಿಗೆ ಅಂಟಿ, ಕೆಲವೊಮ್ಮೆ ಜ್ವರವನ್ನೂ ಕರೆತಂದು, ಸಾಮಾನ್ಯವಾಗಿ ವಾರ ಹತ್ತು ದಿನಗಳಲ್ಲಿ ಹೊರಟುಹೋಗುವುದು. ಇದಾದರೋ ವಾರಗಟ್ಟಲೆ ಬಿಡದು. ಜ್ವರವಿರುವುದಿಲ್ಲ, ಮೂಗಿನಿಂದ ತಿಳಿನೀರು ಸುರಿಯುವುದು, ಕಣ್ಣು, ಮೂಗು, ಅಂಗುಳುಗಳು ತುರಿಸುವುವು. ಇತರರಿಗೆ ಏನೂ ಮಾಡದ ಧೂಳನ್ನೋ ಪರಾಗವನ್ನೋ ದೇಹವು ಶತ್ರುವೆಂದು ಭ್ರಮಿಸಿ ಅದರೊಡನೆ ಕಾದಾಡುವುದೇ ಇದರ ಮೂಲ. ೧೯೦೬ರಲ್ಲಿ ವಿಯೆನ್ನಾ ನಗರದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬವನು ಇಂತಹ ವಿಕಾರಕ್ಕೆ ‘ಅಲರ್ಜಿ’ ಎಂಬ ಹೆಸರನ್ನು ಟಂಕಿಸಿದನು. ನಮ್ಮಲ್ಲಿ ‘ಒಗ್ಗದಿಕೆ’ ಎಂಬ ಅಚ್ಚುಕಟ್ಟಾದ ಮಾತಿರುವುದು.

ಕಾರಣವನ್ನು ಕಂಡುಹಿಡಿದವರ ಕಥೆಯು ಸ್ವಾರಸ್ಯವಾಗಿದೆ. ೧೮೧೯ರಲ್ಲಿ ಲಂಡನ್ನಿನ ಜಾನ್ ಬಾಸ್ಟಾಕ್ ಎಂಬ ವೈದ್ಯನು ಬಾಲ್ಯದಿಂದಲೂ ಪ್ರತಿ ಬೇಸಗೆಯಲ್ಲಿ ತನ್ನನ್ನು ಕಾಡುತ್ತಿದ್ದ ಈ ಬೇನೆಯನ್ನು ವೈದ್ಯರ ಸಭೆಯೊಂದರಲ್ಲಿ ವಿವರಿಸಿದನು. ಆದರೆ ಅದು ಏತರಿಂದ ಬರುವುದೆಂಬುದು ಅವನಿಗೆ ಹೊಳೆಯಲಿಲ್ಲ. ಮುಂದೆ ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್‌ಲಿ ಎಂಬ ಮತ್ತೊಬ್ಬ ವೈದ್ಯನು, ಅವನೂ ಇದೇ ಬೇನೆಯವನೇ, ಹುಲ್ಲಿನ ಪರಾಗವನ್ನು ತನ್ನ ಮೂಗಿಗೇ ಸೋಕಿಸಿಕೊಂಡು ಸೀನನ್ನು ಬರಿಸಿಕೊಂಡನು. ಅಂಟು ಹಚ್ಚಿದ ಗಾಜಿನ ಬಿಲ್ಲೆಗಳನ್ನು ಗಾಳಿಪಟಗಳಿಗೆ ಕಟ್ಟಿ ಹಾರಿಸಿ, ಆಕಾಶದ ಎತ್ತರದಲ್ಲಿಯೂ ಪರಾಗವು ತೇಲುತ್ತಿರುವುದೆಂದು ತೋರಿಸಿದನು. ಅವನ ಗ್ರಂಥವು ೧೮೭೩ರಲ್ಲಿ ಪ್ರಕಟವಾಯಿತು.

ಆದುದರಿಂದ ನಮ್ಮ ಬೀದಿಯ ಗುಲ್‌ಮೊಹರನ್ನು ಬೈಯುವುದು ಅಷ್ಟು ನ್ಯಾಯವಲ್ಲ. ಕಣ್ಸೆಳೆವ ದೊಡ್ಡ ಹೂವುಗಳ ಪರಾಗವು ಸಾಮಾನ್ಯವಾಗಿ ಜಿಗುಟಾಗಿದ್ದು, ಜೇನು ಚಿಟ್ಟೆಗಳ ಮೈಗಂಟಿ ಪ್ರಯಾಣಮಾಡುವುದು. ಗಾಳಿಯನ್ನೇ ವಾಹನವನ್ನಾಗಿ ಮಾಡಿಕೊಂಡಿರುವ ಹುಲ್ಲು, ಸರ್ವೆಮರ ಮೊದಲಾದ ಅಂದವಿಲ್ಲದ ಹೂವಿನವುಗಳೇ ನಮ್ಮ ಮೂಗಿಗೆ ಹೆಚ್ಚು ಅಪಾಯಕರ. ಇವುಗಳ ಜೊತೆಗೆ ಪಾರ್ಥೇನಿಯಮ್ ಎಂಬ ಕಾಂಗ್ರೆಸ್ ಗಿಡವೊಂದುಂಟು. ಅಮೆರಿಕಾ ಖಂಡದ ಈ ಕಳೆಯು ೧೯೫೦ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು, ಕೆಲವೇ ವರ್ಷಗಳಲ್ಲಿ ದೇಶವನ್ನೆಲ್ಲ ವ್ಯಾಪಿಸಿತು. ಇದರ ಪರಾಗವು ಕೆಲವರಿಗೆ ಸೀನನ್ನೂ, ಎಲೆಯ ಸ್ಪರ್ಶವು ಕೆಲವರಿಗೆ ಕುತ್ತಿಗೆ ರೆಪ್ಪೆಗಳಲ್ಲಿ ಕಠಿಣವಾದ ತುರಿಯನ್ನೂ ತರುವುದು. ಇದನ್ನು ತಿನ್ನುವ ದುಂಬಿಯೊಂದನ್ನು ಮೆಕ್ಸಿಕೋದಿಂದ ತರಿಸಿ ೧೯೮೪ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ದುಂಬಿಯು ಮಳೆಗಾಲದಲ್ಲಿ ತನ್ನ ಪಾಲಿನ ಕೆಲಸವನ್ನು ಮಾಡುತ್ತಲೇ ಇರುವುದು. ಆದರೂ ಖಾಲಿ ನಿವೇಶನಗಳಲ್ಲಿ ಗಿಡಕ್ಕೆ ಬರವಿಲ್ಲ.

ಇನ್ನು ನನ್ನ ತಪ್ಪಿನ ವಿಚಾರ. ಮೊಮ್ಮಗಳಿಗೆ ಆಗ ನಾಲ್ಕು ವರ್ಷ. ಸೀನು, ಕೆಮ್ಮುಗಳು ತಿಂಗಳಾದರೂ ಬಿಡದಿರಲು, ಮೊಸರು, ಬಾಳೆಯ ಹಣ್ಣು, ಸೀಬೆಯ ಹಣ್ಣುಗಳನ್ನು ಒಂದೊಂದಾಗಿ ನಿಲ್ಲಿಸಿದೆನು. ಶನಿವಾರ ಎಣ್ಣೆನೀರು ಹಾಕಿ, ಕೆಂಡದ ಮೇಲೆ ಸಾಂಬ್ರಾಣಿಯನ್ನುದುರಿಸಿ, ಕೂದಲಿಗೆ ಹೊಗೆಯಾಡಿಸಲು ಕುಳಿತೆನು. ಸೊಸೆಯು, “ಹೊಗೆ ಬೇಡಿ ಅತ್ತೆ, ಮೊದಲೇ ಮಗು ಕೆಮ್ಮುತ್ತಿದೆ,” ಎಂದಳು. “ನಿನ್ನ ಗಂಡ ಬೆಳೆದದ್ದೂ ಈ ಹೊಗೆಯಲ್ಲಿಯೇ,” ಎಂದು ನಾನು ಬಾಯಿ ಮುಚ್ಚಿಸಿದೆನು. ರಾತ್ರಿ ಕಿಟಕಿಗಳನ್ನು ಮುಚ್ಚಿ ಸೊಳ್ಳೆಬತ್ತಿಯನ್ನೂ ಹಚ್ಚಿದ್ದಾಯಿತು. ನಡುರಾತ್ರಿಯ ಹೊತ್ತಿಗೆ ಮಗುವಿನ ಎದೆಯಿಂದ ಕುಯ್ ಎಂಬ ಸದ್ದು ಹೊರಟಿತು. ಉಸಿರೆಳೆದಾಗ ಪಕ್ಕೆಲುಬುಗಳ ನಡುವೆ ಗುಳಿಬೀಳತೊಡಗಿತು. ಬೆಳಗಾಗುವವರೆಗೆ ಕಾಯೋಣವೆಂದವಳೂ ನಾನೇ. ಸೊಸೆಯು ನನ್ನ ಮಾತನ್ನು ಮೀರಿ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ನಡೆದಳು.

ಉಸಿರು ಹತೋಟಿಗೆ ಬಂದ ಬಳಿಕ ವೈದ್ಯೆಯವರು ನನ್ನ ಕಡೆಗೆ ತಿರುಗಿದರು. ಮೊಸರು ಬಾಳೆಹಣ್ಣುಗಳ ವಿಷಯದಲ್ಲಿ ನನ್ನ ಬಳಿ ಉತ್ತರಗಳು ಸಿದ್ಧವಾಗಿದ್ದುವು. ಅವರು ಅದನ್ನು ಕೇಳಲೇ ಇಲ್ಲ. “ಅಜ್ಜಿ, ಮನೆಯಲ್ಲಿ ಏನೇನು ಹೊಗೆ ಹಾಕುತ್ತೀರಿ?” ಎಂದರು. ಸೊಸೆಯು ನೆಲವನ್ನು ನೋಡುತ್ತಿದ್ದಳು. ಅವಳು ನನ್ನನ್ನು ಬಿಟ್ಟುಕೊಡಲಿಲ್ಲ, ನಾನೇ ಹೇಳಬೇಕಾಯಿತು. ಸಾಂಬ್ರಾಣಿಯಾಗಲಿ, ಊದುಬತ್ತಿಯಾಗಲಿ, ಸೊಳ್ಳೆಬತ್ತಿಯಾಗಲಿ, ಬೀಡಿಯಾಗಲಿ, ಊದಿಕೊಂಡ ಶ್ವಾಸನಾಳಕ್ಕೆ ಎಲ್ಲವೂ ಒಂದೇ ಹೊಗೆಯೆಂಬುದನ್ನು ಆ ದಿನ ತಿಳಿದೆನು. ದೇವರ ಮುಂದೆ ಈಗ ಹೂವೂ ದೀಪವೂ ಇವೆ. ಸೊಳ್ಳೆಗೆ ಪರದೆ ಇದೆ.

ಮನೆಯಲ್ಲಿ ಮಾಡಬಹುದಾದ ಚಿಕಿತ್ಸೆಯಲ್ಲಿ ಹೆಚ್ಚಿನ ಭಾಗವು ನೀರಿನದೇ. ಒಣ ಪೊರಕೆಯು ಧೂಳನ್ನು ನೆಲದಿಂದೆತ್ತಿ ಮೂಗಿಗೆ ಕೊಡುವುದರಿಂದ, ಒದ್ದೆಬಟ್ಟೆಯಲ್ಲಿ ಒರಸುವುದು ಲೇಸು. ಹಾಸಿಗೆ ದಿಂಬುಗಳಲ್ಲಿ ಕಣ್ಣಿಗೆ ಕಾಣದ ಒಂದು ಬಗೆಯ ನುಸಿಯು ನಮ್ಮ ಚರ್ಮದ ಹೊಟ್ಟನ್ನೇ ತಿಂದು ಬದುಕುವುದು. ಅನೇಕರ ಬೆಳಗಿನ ಸೀನಿಗೆ ಅದೇ ಕಾರಣ. ಹೊದಿಕೆಗಳನ್ನೂ ದಿಂಬಿನ ಚೀಲಗಳನ್ನೂ ವಾರಕ್ಕೊಮ್ಮೆ ೬೦ ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಯಾದ ನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸತಕ್ಕದ್ದು. ಮಳೆಗಾಲದಲ್ಲಿ ಗೋಡೆಗೆ ಹಿಡಿಯುವ ಬೂಷ್ಟು ಸಹ ಇದೇ ಗುಂಪಿಗೆ ಸೇರಿದುದು. ನೀರು ಜಿನುಗುವ ಜಾಗವನ್ನು ದುರಸ್ತಿ ಮಾಡಿಸದೆ ಸುಣ್ಣ ಬಳಿಸಿದರೆ ಹಣಕ್ಕೆ ದಂಡ. ಮಕ್ಕಳು ಆಟ ಮುಗಿಸಿ ಬಂದೊಡನೆ ಕೈಕಾಲು ಮುಖಗಳನ್ನು ತೊಳೆದು ಬಟ್ಟೆ ಬದಲಿಸಲಿ. ಹೊರಗಿನಿಂದ ಬಂದವರು ಕಾಲು ತೊಳೆಯದೆ ಒಳಗೆ ಬರಬಾರದೆಂಬ ನಮ್ಮ ಅಜ್ಜಿಯರ ಕಟ್ಟಳೆಯು ಈ ಲೆಕ್ಕದಲ್ಲಿ ಬಹಳ ಸರಿಯಾದುದು.

ಮೂಗನ್ನು ಉಪ್ಪುನೀರಿನಿಂದ ತೊಳೆಯುವ ಜಲನೇತಿಯು ದೊಡ್ಡವರಿಗೆ ಒಳ್ಳೆಯ ಉಪಶಮನವನ್ನು ಕೊಡುವುದು. ಆದರೆ ನಲ್ಲಿಯ ಹಸಿನೀರನ್ನು ಎಂದಿಗೂ ಬಳಸಬಾರದು. ಅಪೂರ್ವವಾಗಿಯಾದರೂ ಅಂತಹ ನೀರಿನಲ್ಲಿರುವ ಸೂಕ್ಷ್ಮಜೀವಿಯು ಮೂಗಿನ ಮೂಲಕ ಮೆದುಳನ್ನು ಸೇರಿ ಪ್ರಾಣವನ್ನೇ ತೆಗೆದಿರುವುದುಂಟು. ನೀರನ್ನು ಐದು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ, ಲೀಟರಿಗೆ ೯ ಗ್ರಾಮಿನಂತೆ, ಎಂದರೆ ತಲೆಸವರಿದ ಒಂದೂವರೆ ಟೀ ಚಮಚದಷ್ಟು, ಶುದ್ಧವಾದ ಉಪ್ಪನ್ನು ಕರಗಿಸಬೇಕು. ಪಾತ್ರೆಯನ್ನು ಪ್ರತಿಸಲವೂ ತೊಳೆದು ಒಣಗಿಸಬೇಕು. ಚಿಕ್ಕ ಮಕ್ಕಳಿಗೆ ವೈದ್ಯರನ್ನು ಕೇಳದೆ ಮಾಡತಕ್ಕದ್ದಲ್ಲ.

ಮೆಣಸು ಜೀರಿಗೆಯ ಕಷಾಯ, ಅರಿಸಿನದ ಹಾಲು ಇವುಗಳಿಂದ ಗಂಟಲಿಗೆ ಹಿತವುಂಟು. ಒಗ್ಗದಿಕೆಯು ಹೋಗುವುದೆಂದು ನಂಬಬೇಕಾಗಿಲ್ಲ. ಜೇನುತುಪ್ಪವನ್ನು ಒಂದು ವರ್ಷ ತುಂಬದ ಕೂಸಿಗೆ ನೆಕ್ಕಿಸಲೇಬಾರದು. ಕುದಿನೀರಿನ ಪಾತ್ರೆಯ ಮೇಲೆ ಮಕ್ಕಳನ್ನು ಬಗ್ಗಿಸಿ ಹಬೆ ಕೊಡಲು ಹೋಗಿ ಮೈ ಸುಟ್ಟುಕೊಂಡವರುಂಟು, ಅದೂ ಬೇಡ. ಕಟ್ಟಿದ ಮೂಗನ್ನು ಥಟ್ಟನೆ ಬಿಡಿಸುವ ಅಂಗಡಿಯ ಹನಿಗಳನ್ನು ಮೂರುನಾಲ್ಕು ದಿನ ಮೀರಿ ಹಾಕಿದರೆ ಮೂಗು ಮೊದಲಿಗಿಂತ ಹೆಚ್ಚಾಗಿ ಕಟ್ಟಿಕೊಳ್ಳುವುದು.

ಎದೆಯಲ್ಲಿ ಕುಯ್ ಎಂಬ ಸದ್ದು ಬಂದರೆ ಮನೆಮದ್ದಿಗೆ ಅಲ್ಲಿಗೆ ಮುಗಿಯಿತು. ಪಕ್ಕೆ ಒಳಸರಿಯುವುದು, ಮಾತು ತುಂಡಾಗುವುದು, ತುಟಿ ನೀಲಿಯಾಗುವುದು ಇವುಗಳಲ್ಲಿ ಯಾವುದನ್ನು ಕಂಡರೂ ಬೆಳಗಿಗಾಗಿ ಕಾಯದೆ ಆಸ್ಪತ್ರೆಗೆ ಓಡಬೇಕು. ಸೇದುವ ಔಷಧಿಯಾದ ಇನ್‌ಹೇಲರಿಗೆ ನಮ್ಮ ಹೆಂಗಸರು ಅಂಜುವರು. ಅಭ್ಯಾಸವಾಗಿಬಿಡುವುದೆಂದು ನಾನೂ ಅಂಜಿದ್ದೆನು. ಔಷಧಿಯು ನೇರವಾಗಿ ಶ್ವಾಸನಾಳವನ್ನು ಮುಟ್ಟುವುದರಿಂದ ಅತಿ ಸ್ವಲ್ಪವೇ ಸಾಕಾಗುವುದೆಂದು ವೈದ್ಯೆಯವರು ವಿವರಿಸಿದ ಮೇಲೆ ಆ ಭಯವು ಹೋಯಿತು.

ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ. ಸೀನು ಪೂರ್ತಿ ನಿಂತಿಲ್ಲ. ಆದರೆ ರಾತ್ರಿ ಚೆನ್ನಾಗಿ ನಿದ್ರಿಸುತ್ತಾಳೆ, ಮೊಸರನ್ನವನ್ನೂ ಉಣ್ಣುತ್ತಾಳೆ. ಜೂನಿನಲ್ಲಿ ಮೊದಲ ಮಳೆಗೆ ನೆಲ ಮೆತ್ತಗಾದೊಡನೆ, ಕಾಂಗ್ರೆಸ್ ಗಿಡವು ಹೂಬಿಡುವ ಮುಂಚೆಯೇ, ನಾನೂ ಸೊಸೆಯೂ ಕೈಗೆ ಚೀಲ ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿ, ಪಕ್ಕದ ಖಾಲಿ ನಿವೇಶನಕ್ಕೆ ಇಳಿಯುವೆವು. ಮೊಮ್ಮಗಳಿಗೆ ಆ ದಿನ ಕಿಟಕಿಯ ಒಳಗಿನಿಂದ ಗಿಡಗಳನ್ನು ಎಣಿಸುವ ಕೆಲಸ. ಹೋದ ವರ್ಷ ಇನ್ನೂರರವರೆಗೆ ಎಣಿಸಿ, ಮುಂದಿನ ಲೆಕ್ಕ ಬಾರದೆ ಬಿಟ್ಟಳು.