ಹುಲ್ಲು ಬಲ್ಲವರೂ ಹಣ ಕಟ್ಟುವವರೂ

ದಿಂಡಿಗಲ್ಲಿನಿಂದ ಮಧುರೆಯ ಕಡೆಗೆ ಹೋಗುವಾಗ ಸಿಗುವ ಚಿನ್ನಾಳಪಟ್ಟಿ ನೇಕಾರರ ಊರು. ಸುಂಗುಡಿ ಸೀರೆಗಳಿಗೆ ಹೆಸರಾದುದು. ಬೀದಿಯಲ್ಲಿ ತಮಿಳು, ದೇವಾಂಗರ ಅನೇಕ ಮನೆಗಳೊಳಗೆ ಕನ್ನಡ. ಹೊರಗೊಂದು ಒಳಗೊಂದು ಭಾಷೆಯ ಈ ಬಾಳುವೆಯನ್ನು ನಮ್ಮ ಗಡಿನಾಡಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೈಮಗ್ಗದ ನೇಕಾರನು ಹಾಸಿನ ನೂಲಿಗೆ ಗಂಜಿ ಹಾಕುವ ಮುಂಚೆ ಆಕಾಶ ನೋಡುತ್ತಾನೆ. ಮೋಡ ಕವಿದಿದ್ದರೆ ಗಂಜಿ ಒಣಗದು. ಬಿಸಿಗಾಳಿ ಬೀಸಿದರೆ ಎಳೆ ಗರಿಗರಿಯಾಗಿ ಮಗ್ಗದಲ್ಲಿ ಹರಿಯುವುದು. ಹವೆಯ ಅಂದಾಜು ತಪ್ಪಿತೆಂದರೆ ಆ ದಿನದ ದುಡಿಮೆ ಹೋಯಿತೆಂದೇ ಲೆಕ್ಕ.

ಅದೇ ಜಿಲ್ಲೆಯ ಬೆಟ್ಟದ ಮೇಲೆ, ಕೊಡೈಕಾನಲಿನಲ್ಲಿ, ಹವೆ ನೋಡುವ ಇನ್ನೊಂದು ವರ್ಗವಿದೆ. ಅವರು ಗಾಲ್ಫ್ ಆಟಗಾರರು. ಅಲ್ಲಿನ ಗಾಲ್ಫ್ ಕ್ಲಬ್ಬು 1895ರಲ್ಲಿ ಹುಟ್ಟಿದ್ದು. ಮೈದಾನಕ್ಕೆ ಕಾಟಿಗಳು ಮೇಯಲು ಬರುವುದೂ ಉಂಟು. ಸುಮಾರು 7,000 ಅಡಿ ಎತ್ತರದ ತೆಳುಗಾಳಿಯಲ್ಲಿ ಚೆಂಡು ಬಯಲುಸೀಮೆಯಲ್ಲಿ ಹಾರುವುದಕ್ಕಿಂತ ದೂರ ಹಾರುತ್ತದೆ. ಹುಲ್ಲು ಇಬ್ಬನಿಯಲ್ಲಿ ನೆನೆದಿದ್ದರೆ ಬಿದ್ದಲ್ಲೇ ನಿಲ್ಲುತ್ತದೆ.

ಆಟದ ನಿಯಮ ಸರಳ. 18 ಗುಳಿಗಳಿಗೆ ಎಷ್ಟು ಕಡಿಮೆ ಹೊಡೆತಗಳಲ್ಲಿ ಚೆಂಡು ಸೇರಿಸುತ್ತೀರಿ ಎಂಬುದೇ ಲೆಕ್ಕ. ದೊಡ್ಡ ಪಂದ್ಯವಾದರೆ ನಾಲ್ಕು ದಿನ, ಒಟ್ಟು 72 ಗುಳಿ. ಆದರೆ ನೆಲವೆಂಬುದು ದಿನಕ್ಕೊಂದು ಬಗೆ. ಅಮೆರಿಕದ ಅಗಸ್ಟಾದಲ್ಲಿ ನಡೆಯುವ ಮಾಸ್ಟರ್ಸ್ ಪಂದ್ಯವನ್ನೇ ನೋಡಿ. 2007ರಲ್ಲಿ ಚಳಿಯೂ ಗಾಳಿಯೂ ಕಾಡಿದವು, ನೆಲ ಗಟ್ಟಿಯಾಗಿತ್ತು. ಗೆದ್ದ ಝ್ಯಾಕ್ ಜಾನ್ಸನ್ನರಿಗೆ 289 ಹೊಡೆತಗಳು ಬೇಕಾದವು. 2020ರಲ್ಲಿ ಕೊರೋನಾ ಕಾರಣ ಪಂದ್ಯ ನವೆಂಬರಿಗೆ ಹೋಯಿತು. ಮಳೆಯಿಂದ ಮೆತ್ತಗಾಗಿದ್ದ ನೆಲದಲ್ಲಿ ಡಸ್ಟಿನ್ ಜಾನ್ಸನ್ 268ಕ್ಕೆ ಮುಗಿಸಿ ದಾಖಲೆ ಬರೆದರು. ಮೈದಾನ ಅದೇ, ಕುಲನಾಮವೂ ಅದೇ. ವ್ಯತ್ಯಾಸ 21 ಹೊಡೆತ! ಗುಳಿಯ ಸುತ್ತಲಿನ ನುಣುಪು ಹುಲ್ಲಿನ ವೇಗವನ್ನು ಅಳೆಯಲು ಸ್ಟಿಂಪ್‌ಮೀಟರ್ ಎಂಬ ಗಜದುದ್ದದ ಲೋಹದ ಜಾರುಪಟ್ಟಿಯೇ ಇದೆ. ಅದರಿಂದ ಚೆಂಡು ಜಾರಿಸಿ, ಎಷ್ಟು ಅಡಿ ಉರುಳಿತೆಂದು ಅಳೆಯುತ್ತಾರೆ.

ಈ ವಿದ್ಯೆ ಪುಸ್ತಕದಿಂದ ಬರುವಂತಹದಲ್ಲ. ಬೆಂಗಳೂರಿನಲ್ಲಿ ಆಟಗಾರರ ಚೀಲ ಹೊರುತ್ತಿದ್ದ ಸಿ. ಮುನಿಯಪ್ಪನವರು 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಹೊರೆ ಹೊತ್ತು ನಡೆದವರ ಕಾಲಿಗೆ ಹುಲ್ಲಿನ ಗುಟ್ಟು ತಿಳಿಯುತ್ತದೆ ಎಂದು ನಮಗೆ ತೋರುತ್ತದೆ.

ಇನ್ನು ಬಾಜಿಯ ಮಾತು. ಇಂಗ್ಲೆಂಡಿನಲ್ಲಿ ಗಾಲ್ಫ್ ಮೇಲೆ ಹಣ ಕಟ್ಟುವುದು ಕಾನೂನುಬದ್ಧ ವ್ಯಾಪಾರ. ಅಮೆರಿಕದಲ್ಲೂ 2018ರ ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ ಅನೇಕ ರಾಜ್ಯಗಳು ಕ್ರೀಡಾ ಬಾಜಿಗೆ ಬಾಗಿಲು ತೆರೆದವು. ಬಾಜಿ ಕಟ್ಟುವವರೂ ಹವಾಮಾನ ವರದಿ ಓದುತ್ತಾರೆ. ಮೊದಲೆರಡು ದಿನ ಅರ್ಧ ಮಂದಿ ಬೆಳಿಗ್ಗೆ, ಅರ್ಧ ಮಂದಿ ಮಧ್ಯಾಹ್ನ ಆಡುವುದರಿಂದ, ಗಾಳಿ ಯಾವಾಗ ಏಳುತ್ತದೆಂದು ತಿಳಿದರೆ ಯಾರಿಗೆ ಲಾಭವೆಂದು ಊಹಿಸಬಹುದು. ಕೇಳಲು ಬಲು ಜಾಣತನದ ಮಾತು. ಆದರೆ ಅದೇ ವರದಿಯನ್ನು ಅಂಗಡಿಯವನೂ ಓದಿರುತ್ತಾನಲ್ಲ!

ನಮ್ಮ ತರಗತಿಯ ಲೆಕ್ಕದಂತೆ ಹೇಳುವುದಾದರೆ ಹೀಗೆ: ಸಮಬಲದ ನಾಲ್ವರು ಆಟಗಾರರಿದ್ದಾರೆ. ಒಬ್ಬೊಬ್ಬರ ಮೇಲೆ ಒಬ್ಬೊಬ್ಬ ಗಿರಾಕಿ 100 ರೂಪಾಯಿ ಕಟ್ಟಿದರೆ ಅಂಗಡಿಗೆ 400 ಬರುತ್ತದೆ. ನ್ಯಾಯವಾಗಿ ಗೆದ್ದವನಿಗೆ 400 ಸಿಗಬೇಕು. ಅಂಗಡಿಯವನು ಒಂದಕ್ಕೆ ಎರಡೂವರೆಯ ದರ ಹೇಳಿ, ಅಸಲು ಸೇರಿಸಿ 350 ಕೊಡುತ್ತಾನೆ. ಯಾರೇ ಗೆಲ್ಲಲಿ, ಮಳೆ ಬರಲಿ ಬಾರದಿರಲಿ, 50 ಅವನದು. ನೇಕಾರನಿಗಿಲ್ಲದ ಈ ಭದ್ರತೆ ಬಾಜಿಯಂಗಡಿಗಿದೆ.

ಹವೆಯನ್ನು ಸರಿಯಾಗಿ ಓದಿಯೂ ಸೋಲುವುದುಂಟು. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಿನಲ್ಲಿ, 2021ರ ಆಗಸ್ಟಿನಲ್ಲಿ, ಮೂರು ಸುತ್ತು ಮುಗಿದಾಗ ಎರಡನೆಯ ಸ್ಥಾನದಲ್ಲಿದ್ದರು. ಕೊನೆಯ ದಿನ ಬಿರುಗಾಳಿಯ ಮುನ್ಸೂಚನೆ. ಆಟ ಪೂರ್ತಿಯಾಗದಿದ್ದರೆ ಮೂರು ಸುತ್ತುಗಳ ಲೆಕ್ಕದಲ್ಲೇ ಪದಕ. ಅಂದರೆ ಅದಿತಿಗೆ ಬೆಳ್ಳಿ. ಗಾಲ್ಫ್ ಕಂಡರಿಯದವರೂ ಅಂದು ಮಳೆಗಾಗಿ ಹಾರೈಸಿದರು. ಮುನ್ಸೂಚನೆ ಸುಳ್ಳಾಗಲಿಲ್ಲ. ಇನ್ನೆರಡು ಗುಳಿ ಉಳಿದಿರುವಾಗ ಸಿಡಿಲಿನ ಭಯದಿಂದ ಆಟ ನಿಂತಿತು. ಆದರೆ ಮುಕ್ಕಾಲು ಗಂಟೆಯ ಮೇಲೆ ಮತ್ತೆ ಆರಂಭವಾಯಿತು. ಕಂಚಿಗೆ ಒಂದೇ ಒಂದು ಹೊಡೆತ ಕಡಿಮೆಯಾಗಿ ಅವರು ನಾಲ್ಕನೆಯವರಾದರು. ಅಂದು ಮಳೆಯನ್ನು ನಂಬಿ ಹಣ ಕಟ್ಟಿದವನಿದ್ದರೆ, ಮಳೆ ಬಂತೆಂದು ಹೇಳಿ ಹಣ ವಾಪಸು ಕೇಳುವಂತಿರಲಿಲ್ಲ.

ತಮಿಳುನಾಡು 1974ರಲ್ಲೇ ಕುದುರೆ ಜೂಜನ್ನು ನಿಲ್ಲಿಸಲು ಶಾಸನ ಮಾಡಿತ್ತು. ಕುದುರೆ ಓಟವು ಕೌಶಲದ ಆಟವೆಂದು 1996ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಕುದುರೆಯ, ಸವಾರನ ಕೌಶಲವನ್ನು ನಾವೂ ಒಪ್ಪುತ್ತೇವೆ. ಕಟ್ಟೆಯಲ್ಲಿ ಕುಳಿತು ಚೀಟಿ ಹಿಡಿದವನಿಗೆ ಅದರಲ್ಲಿ ಎಷ್ಟು ಪಾಲು ಎಂಬುದು ನಮ್ಮ ಸಂಶಯ. ಈಗ ಆ ಕಟ್ಟೆ ಮೊಬೈಲಿನೊಳಗೆ ಬಂದು, ಮಗ್ಗದ ಪಕ್ಕದಲ್ಲೂ ಶಾಲಾ ಹುಡುಗನ ಜೇಬಿನಲ್ಲೂ ಕುಳಿತಿದೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಲಾಟರಿಯನ್ನು ತಮಿಳುನಾಡು 2003ರಲ್ಲೇ ನಿಲ್ಲಿಸಿತು. ಆದರೆ ಕಂಬಂ ಕಣಿವೆಯಿಂದ ಘಟ್ಟ ಹತ್ತಿ ಕುಮಳಿ ತಲುಪಿದರೆ ಕೇರಳ. ಅಲ್ಲಿಯೂ, ನಮ್ಮ ಕಾಸರಗೋಡಿನ ಬಸ್ ನಿಲ್ದಾಣದಲ್ಲಿಯೂ, ಸರಕಾರದ್ದೇ ಚೀಟಿ ಹಗಲಿನಲ್ಲಿ ಮಾರಾಟವಾಗುತ್ತದೆ. ಅದಕ್ಕಂತೂ ಹವೆಯನ್ನೂ ಓದಬೇಕಾಗಿಲ್ಲ.