ತಂತಿ ಯಾರದೆಂದು ಕೇಳಿದ ಊರು

ಮನೆಯ ಮುಂದಿನ ವಿದ್ಯುತ್ ಕಂಬ ಯಾರಿಗೆ ಸೇರಿದ್ದು ಎಂಬ ಪ್ರಶ್ನೆ ಸಾಮಾನ್ಯವಾಗಿ ಯಾರಿಗೂ ಹೊಳೆಯುವುದಿಲ್ಲ. ದೀಪ ಉರಿಯುತ್ತಿದ್ದರೆ ಮರೆವು, ಆರಿದರೆ ದೂರು, ಬಿಲ್ಲು ಬಂದ ದಿನ ಒಂದಿಷ್ಟು ಗೊಣಗಾಟ. ವಿದ್ಯುತ್ ಸಂಸ್ಥೆಯೊಂದಿಗೆ ನಮ್ಮ ವ್ಯವಹಾರ ಇಷ್ಟಕ್ಕೇ ಮುಗಿಯುತ್ತದೆ. ಕರೆಂಟು ಎಲ್ಲಿಂದ ಬಂತು, ಯಾವುದರಿಂದ ಹುಟ್ಟಿತು, ಅದನ್ನು ಹೊತ್ತು ತರುವ ತಂತಿಯ ಮೇಲೆ ಹಕ್ಕು ಯಾರದು ಎಂದು ವಿಚಾರಿಸುವವರು ಕಡಿಮೆ.

ಜರ್ಮನಿಯ ನೈರುತ್ಯ ಮೂಲೆಯಲ್ಲಿ, ಸ್ವಿಟ್ಜರ್ಲೆಂಡಿನ ಗಡಿಗೆ ಹತ್ತಿರದಲ್ಲಿ, ಶೋನಾವ್ ಎಂಬ ಊರಿದೆ. ‘ಬ್ಲ್ಯಾಕ್ ಫಾರೆಸ್ಟ್’ ಎಂದು ಪ್ರಸಿದ್ಧವಾದ ಕಾಡುಬೆಟ್ಟಗಳ ನಡುವಿನ ಈ ಊರಿನ ಜನಸಂಖ್ಯೆ ಸುಮಾರು ಎರಡೂವರೆ ಸಾವಿರ. ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಹಳ್ಳಿ. ಈ ಊರಿನವರು ಆ ಪ್ರಶ್ನೆಯನ್ನು ವಿಚಾರಿಸಿದರು. ಉತ್ತರ ದೊರೆಯಲು ಹತ್ತು ವರ್ಷ ಬೇಕಾಯಿತು. ಎರಡು ಸಲ ಊರೆಲ್ಲ ಮತ ಹಾಕಬೇಕಾಯಿತು. ಕೊನೆಗೆ 1997ರ ಜುಲೈ 1ರಂದು ಊರಿನ ವಿದ್ಯುತ್ ಜಾಲ ಊರಿನವರ ಕೈಗೇ ಬಂತು.

ಮಳೆಯೊಂದಿಗೆ ಬಂದ ಭಯ

ಕಥೆ ಆರಂಭವಾಗುವುದು ದೂರದ ಉಕ್ರೇನಿನಲ್ಲಿ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಣುವಿದ್ಯುತ್ ಸ್ಥಾವರದ ನಾಲ್ಕನೆಯ ಘಟಕ ಸಿಡಿಯಿತು. ಅಲ್ಲಿಂದ ಹೊರಟ ವಿಕಿರಣದ ಮೋಡ ಗಾಳಿಯೊಡನೆ ಪಶ್ಚಿಮಕ್ಕೆ ಸಾಗಿ ದಕ್ಷಿಣ ಜರ್ಮನಿಯ ಮೇಲೆ ಮಳೆಯಾಗಿ ಸುರಿಯಿತು. ಮಕ್ಕಳನ್ನು ಮರಳಿನಲ್ಲಿ ಆಡಲು ಬಿಡಬೇಡಿ, ಹೊಲದ ಸೊಪ್ಪು ತಿನ್ನಬೇಡಿ, ಹಾಲಿನ ಬಗ್ಗೆ ಎಚ್ಚರವಿರಲಿ ಎಂಬ ಸೂಚನೆಗಳು ಬಂದವು. ಒಂದು ಇಲಾಖೆ ಹೇಳಿದ್ದು ಇನ್ನೊಂದು ಇಲಾಖೆ ಹೇಳಿದ್ದಕ್ಕೆ ಹೊಂದುತ್ತಿರಲಿಲ್ಲ.

ಶೋನಾವ್‌ನಲ್ಲಿ ಐದು ಮಕ್ಕಳ ತಾಯಿ, ಶಿಕ್ಷಕಿಯಾಗಿ ತರಬೇತಿ ಪಡೆದಿದ್ದ ಉರ್ಸುಲಾ ಸ್ಲಾಡೆಕ್ ಮತ್ತು ಅವರ ಪತಿ, ಊರಿನ ವೈದ್ಯ ಮಿಖಾಯೆಲ್ ಸ್ಲಾಡೆಕ್ ಇದ್ದರು. ಅವರಂತೆಯೇ ಚಿಂತೆಗೊಳಗಾದ ಕೆಲವು ತಂದೆತಾಯಿಯರು ಒಟ್ಟು ಸೇರಿ ‘ಅಣುಮುಕ್ತ ಭವಿಷ್ಯಕ್ಕಾಗಿ ಪೋಷಕರು’ ಎಂಬ ಸಂಘ ಕಟ್ಟಿಕೊಂಡರು. ಇವರಲ್ಲಿ ವಿದ್ಯುತ್ ಶಾಸ್ತ್ರ ಓದಿದವರು ಇರಲಿಲ್ಲವೆಂದೇ ಹೇಳಬೇಕು.

ಆ ಸೀಮೆಗೆ ಅಣುವಿರೋಧಿ ಹೋರಾಟ ಹೊಸದೇನಲ್ಲ. 1975ರಲ್ಲಿ ರೈನ್ ನದಿಯ ದಡದ ವ್ಯೂಲ್ ಎಂಬಲ್ಲಿ ರೈತರು, ದ್ರಾಕ್ಷಿ ಬೆಳೆಗಾರರು ಸ್ಥಾವರದ ಜಾಗದಲ್ಲೇ ಬೀಡುಬಿಟ್ಟಿದ್ದರು. ಆ ಸ್ಥಾವರ ಕೊನೆಗೂ ಏಳಲಿಲ್ಲ. ಆದರೆ ಶೋನಾವ್‌ನಲ್ಲಿ ತಡೆಯಲು ಯಾವ ಸ್ಥಾವರವೂ ಇರಲಿಲ್ಲ. ಇದ್ದದ್ದು ಸ್ಥಾವರದಿಂದ ಬರುವ ಕರೆಂಟು, ಅದನ್ನು ಮಾರುವ ಕಂಪನಿ ಮತ್ತು ಅದನ್ನು ಉರಿಸುವ ತಾವು. ಆದ್ದರಿಂದ ಅವರು ತಮ್ಮಿಂದಲೇ ಆರಂಭಿಸಿದರು. ಯಾರ ಮನೆಯಲ್ಲಿ ಹೆಚ್ಚು ವಿದ್ಯುತ್ ಉಳಿಸುತ್ತಾರೆ ಎಂದು ಊರಿನಲ್ಲಿ ಸ್ಪರ್ಧೆ ಏರ್ಪಡಿಸಿದರು. ಗೆದ್ದವರಿಗೆ ಬಹುಮಾನ ಕೊಟ್ಟರು. ಹಾಸ್ಯ ಪ್ರಹಸನಗಳನ್ನೂ ಆಡಿದರು. ಜನ ನಕ್ಕರು, ಜೊತೆಗೆ ಮೀಟರನ್ನೂ ನೋಡತೊಡಗಿದರು.

ಮಾರುವವನಿಗೆ ಉಳಿತಾಯ ಏಕೆ ಬೇಕು?

ಊರಿಗೆ ವಿದ್ಯುತ್ ಕೊಡುತ್ತಿದ್ದ ಕಂಪನಿ ರೈನ್‌ಫೆಲ್ಡನ್ ವಿದ್ಯುತ್ ಸಂಸ್ಥೆ, ಸಂಕ್ಷೇಪದಲ್ಲಿ ಕೆ.ಡಬ್ಲ್ಯು.ಆರ್. ಇದು ಸಾಮಾನ್ಯ ಸಂಸ್ಥೆಯಲ್ಲ. ರೈನ್ ನದಿಗೆ ಅಡ್ಡಲಾಗಿ ಅದು ಕಟ್ಟಿದ ಜಲವಿದ್ಯುತ್ ಕೇಂದ್ರ 1898ರಲ್ಲೇ ಆರಂಭವಾಗಿತ್ತು, ಅಂದರೆ ನಮ್ಮ ಶಿವನಸಮುದ್ರಕ್ಕಿಂತ ನಾಲ್ಕು ವರ್ಷ ಮೊದಲು. ಹೊಳೆಯ ನೀರಿನಿಂದ ಬದುಕು ಕಟ್ಟಿಕೊಂಡ ಈ ಹಳೆಯ ಸಂಸ್ಥೆ ಕಾಲಕ್ರಮದಲ್ಲಿ ಅಣುವಿದ್ಯುತ್ತನ್ನೂ ಮಾರತೊಡಗಿತ್ತು.

ಸಂಘದವರು ಅದರ ಬಾಗಿಲು ತಟ್ಟಿದರು. ಅಣುವಿದ್ಯುತ್ತಿನ ಪಾಲು ಕಡಿಮೆ ಮಾಡಿ, ಹಳ್ಳಕೊಳ್ಳಗಳ ಸಣ್ಣ ಜಲಯಂತ್ರಗಳಿಂದ ಬರುವ ಕರೆಂಟಿಗೆ ಒಳ್ಳೆಯ ಬೆಲೆ ಕೊಡಿ, ಉಳಿತಾಯ ಮಾಡುವವರಿಗೆ ಲಾಭವಾಗುವಂತೆ ದರಪಟ್ಟಿ ಬದಲಿಸಿ ಎಂಬುದು ಅವರ ಕೋರಿಕೆ. ಈ ಮೂರನೆಯದನ್ನು ಸ್ವಲ್ಪ ಬಿಡಿಸಿ ನೋಡಬೇಕು. ವಿದ್ಯುತ್ ಬಿಲ್ಲಿನಲ್ಲಿ ಎರಡು ಭಾಗಗಳಿರುತ್ತವೆ. ಒಂದು, ಬಳಸಿದರೂ ಬಳಸದಿದ್ದರೂ ಕೊಡಬೇಕಾದ ನಿಗದಿತ ಶುಲ್ಕ. ಇನ್ನೊಂದು, ಬಳಸಿದ ಯೂನಿಟ್ಟಿನ ಬೆಲೆ. ನಿಗದಿತ ಶುಲ್ಕ ಹೆಚ್ಚಾಗಿದ್ದು ಯೂನಿಟ್ಟು ಅಗ್ಗವಾಗಿದ್ದರೆ, ದೀಪ ಆರಿಸಿ ಉಳಿಸಿದವನಿಗೆ ದಕ್ಕುವುದು ಅಲ್ಪ. ನಿಗದಿತ ಶುಲ್ಕ ಇಳಿಸಿ ಯೂನಿಟ್ಟಿನ ಬೆಲೆ ಏರಿಸಿದರೆ ಉಳಿಸಿದ ಪ್ರತಿ ಯೂನಿಟ್ಟೂ ಬಿಲ್ಲಿನಲ್ಲಿ ಕಾಣುತ್ತದೆ.

ಕಂಪನಿ ಒಪ್ಪಲಿಲ್ಲ. ಅದರ ದೃಷ್ಟಿಯಿಂದ ಇದರಲ್ಲಿ ಆಶ್ಚರ್ಯವೂ ಇಲ್ಲ. ಹೆಚ್ಚು ಮಾರಿದಷ್ಟೂ ಹೆಚ್ಚು ಲಾಭ ಎಂಬ ಕಟ್ಟಳೆಯ ಮೇಲೆ ನಿಂತ ಸಂಸ್ಥೆಗೆ ಕಡಿಮೆ ಮಾರು ಎಂದು ಬುದ್ಧಿ ಹೇಳಿದರೆ ಹೇಗೆ ಕೇಳೀತು? ಬೇರೆ ಕಂಪನಿಯ ಬಳಿಗೆ ಹೋಗೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. 1935ರ ಕಾನೂನಿನ ತಳಹದಿಯ ಮೇಲೆ ಜರ್ಮನಿಯ ವಿದ್ಯುತ್ ವ್ಯವಹಾರವೆಲ್ಲ ಸೀಮೆ ಸೀಮೆಯಾಗಿ ಹಂಚಿಹೋಗಿತ್ತು. ಒಂದು ಸೀಮೆಗೆ ಒಬ್ಬನೇ ಒಡೆಯ.

ಆದರೆ ಈ ಒಡೆತನಕ್ಕೆ ಒಂದು ಗಡುವಿತ್ತು. ತಂತಿ ಎಳೆಯಲು, ಕಂಬ ನೆಡಲು ಊರಿನ ಬೀದಿಗಳು ಬೇಕು. ಬೀದಿಗಳು ಪುರಸಭೆಯವು. ಅವುಗಳ ಬಳಕೆಗೆ ಕಂಪನಿ ಪುರಸಭೆಯೊಡನೆ ಕರಾರು ಮಾಡಿಕೊಂಡು ಶುಲ್ಕ ಕೊಡಬೇಕು. ಶೋನಾವ್‌ನ ಕರಾರು 1994ರಲ್ಲಿ ಮುಗಿಯುವುದಿತ್ತು. ಹೊಸ ಕರಾರು ಇಪ್ಪತ್ತು ವರ್ಷದವರೆಗೂ ನಡೆಯಬಹುದಾಗಿತ್ತು.

ಅದೇ ದಶಕದಲ್ಲಿ ಉತ್ತರ ಕನ್ನಡದ ಕೈಗಾ ಅಣುಸ್ಥಾವರದ ವಿರುದ್ಧವೂ ದನಿ ಎದ್ದಿತ್ತು. ಪರಿಸರದ ಪ್ರಶ್ನೆಯನ್ನು ಮುಂದಿಟ್ಟು ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೆ ನಿಂತು ಸೋತರು. ಕೈಗಾ ಸ್ಥಾವರ ಎದ್ದು ನಿಂತಿತು. ಅಲ್ಲಿ ನಿರ್ಧಾರ ಇದ್ದದ್ದು ದೆಹಲಿಯಲ್ಲಿ. ಶೋನಾವ್‌ನವರ ಅದೃಷ್ಟವೆಂದರೆ ಒಂದು ಬೀಗದ ಕೈ ಅವರ ಪುರಸಭೆಯಲ್ಲೇ ಇತ್ತು.

ಎರಡು ಮತದಾನ

ಕಂಪನಿಯೂ ಎಚ್ಚರವಾಗಿತ್ತು. ಗಡುವಿಗೆ ಮೊದಲೇ ಕರಾರು ನವೀಕರಿಸಿದರೆ ಪುರಸಭೆಗೆ ಒಂದು ಲಕ್ಷ ಮಾರ್ಕ್ ಹೆಚ್ಚುವರಿಯಾಗಿ ಕೊಡುವುದಾಗಿ ಹೇಳಿತು. ಸಣ್ಣ ಊರಿನ ಬೊಕ್ಕಸಕ್ಕೆ ಇದು ದೊಡ್ಡ ಆಸೆ. ಸಂಘದವರು ಊರಿನವರಿಂದ ಹಣ ಕೂಡಿಸಿ, ನವೀಕರಿಸದೆ ಕಾದರೆ ಅಷ್ಟೇ ಹಣವನ್ನು ತಾವು ಕೊಡುತ್ತೇವೆ ಎಂದರು. ಆದರೂ 1991ರ ಜುಲೈಯಲ್ಲಿ ಪುರಸಭೆಯ ಬಹುಮತ ಕಂಪನಿಯ ಕಡೆಗೇ ವಾಲಿತು.

ಆ ರಾಜ್ಯದ ಕಾನೂನಿನಲ್ಲಿ, ಸಾಕಷ್ಟು ಜನ ಸಹಿ ಮಾಡಿದರೆ ಪುರಸಭೆಯ ನಿರ್ಣಯವನ್ನು ಊರಿನ ಮತಕ್ಕೆ ಹಾಕಲು ಅವಕಾಶವಿದೆ. ಸಹಿ ಸಂಗ್ರಹವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ನಡೆದ ಜನಮತಗಣನೆಯಲ್ಲಿ ಶೇಕಡಾ 56ರಷ್ಟು ಮತ ಬಿದ್ದು ನಿರ್ಣಯ ರದ್ದಾಯಿತು. ಇನ್ನು ಬೇಡ ಎಂದರೆ ಸಾಲದು, ತಾವೇ ನಡೆಸಿ ತೋರಿಸಬೇಕು. 1994ರಲ್ಲಿ ಊರಿನವರ ಪಾಲು ಬಂಡವಾಳದಿಂದ ‘ಶೋನಾವ್ ವಿದ್ಯುತ್ ಸಂಸ್ಥೆ’, ಅಂದರೆ ಇ.ಡಬ್ಲ್ಯು.ಎಸ್. ಹುಟ್ಟಿತು. 1995ರಲ್ಲಿ ಹೊಸ ಪುರಸಭೆ ಕರಾರನ್ನು ಈ ಸಂಸ್ಥೆಗೆ ಕೊಟ್ಟಿತು. ಈ ಸಲ ಎದುರು ಪಕ್ಷದವರು ಸಹಿ ಸಂಗ್ರಹಿಸಿದರು. 1996ರ ಮಾರ್ಚ್ 10ರಂದು ಎರಡನೆಯ ಮತದಾನ.

ಎದುರು ಮತ ಹಾಕಿದವರೆಲ್ಲ ಕಂಪನಿಯ ಬಾಲಬಡುಕರೆಂದು ತಿಳಿಯಬೇಕಿಲ್ಲ. ನೂರು ವರ್ಷದ ಅನುಭವವುಳ್ಳ ಕಂಪನಿಯನ್ನು ಬಿಟ್ಟು ಡಾಕ್ಟರು, ಮೇಷ್ಟ್ರುಗಳ ಕೈಗೆ ವಿದ್ಯುತ್ ಜಾಲ ಕೊಟ್ಟರೆ ಕಾರ್ಖಾನೆ ನಿಂತೀತು, ದರ ಏರೀತು, ಚಳಿಗಾಲದಲ್ಲಿ ದೀಪ ಆರೀತು ಎಂಬುದು ಅವರ ಅಂಜಿಕೆ. ಅದು ಅಂಜಬೇಕಾದ ವಿಷಯವೇ. ಊರು ಇಬ್ಭಾಗವಾಯಿತು. ಸಂಘದವರು ಮನೆಮನೆಗೆ ಹೋಗಿ ಅನುಮಾನಗಳಿಗೆ ಉತ್ತರ ಹೇಳಿದರು. ಎಣಿಕೆ ಮುಗಿದಾಗ ಅವರ ಪರವಾಗಿ ಬಿದ್ದ ಮತ ಶೇಕಡಾ 52ಕ್ಕೆ ತುಸು ಹೆಚ್ಚು. ಗೆಲುವು ಕೂದಲೆಳೆಯದು.

ಹಳೆಯ ತಂತಿಗೆ ಎಷ್ಟು ಬೆಲೆ?

ಮತ ಗೆದ್ದ ಮೇಲೆ ಲೆಕ್ಕದ ಜಗಳ ಶುರುವಾಯಿತು. ಜಾಲವನ್ನು ಹಳೆಯ ಕಂಪನಿಯಿಂದ ಕೊಳ್ಳಬೇಕು. ಊರಿನವರು ಕರೆಸಿದ ತಜ್ಞರು ಹಾಕಿದ ಬೆಲೆ ಸುಮಾರು 40 ಲಕ್ಷ ಮಾರ್ಕ್. ಕಂಪನಿ ಕೇಳಿದ್ದು 87 ಲಕ್ಷ. ಇಷ್ಟು ಅಂತರ ಹೇಗೆ ಬಂತು? ಹಳೆಯ ಎತ್ತಿನ ಬಂಡಿಗೆ ಬೆಲೆ ಕಟ್ಟುವಾಗ, ಇದು ಇನ್ನೆಷ್ಟು ಸಂಪಾದಿಸಿ ಕೊಟ್ಟೀತು ಎಂದು ಲೆಕ್ಕ ಹಾಕುವುದು ಒಂದು ರೀತಿ. ಇಂಥದೇ ಬಂಡಿಯನ್ನು ಈವತ್ತು ಹೊಸದಾಗಿ ಮಾಡಿಸಲು ಎಷ್ಟಾಗುತ್ತದೆ ಎಂದು ನೋಡಿ ಅದರಲ್ಲಿ ಸವಕಲಿಗೆ ಒಂದಷ್ಟು ಕಳೆಯುವುದು ಇನ್ನೊಂದು ರೀತಿ. ವಿದ್ಯುತ್ ಜಾಲದಲ್ಲಿ ಎರಡನೆಯ ರೀತಿಯ ಲೆಕ್ಕ ಬಹಳ ಮೇಲಕ್ಕೆ ಹೋಗುತ್ತದೆ. ಆ ತಂತಿಗಳ ಖರ್ಚನ್ನು ವರ್ಷಗಟ್ಟಲೆ ಬಿಲ್ಲಿನಲ್ಲಿ ತೀರಿಸಿದವರು ಬಳಕೆದಾರರೇ ಎಂಬುದು ಊರಿನವರ ವಾದ. ಆದರೆ ನ್ಯಾಯಾಲಯದ ತೀರ್ಪಿಗೆ ಕಾಯುತ್ತ ಕೂತರೆ ವರ್ಷಗಳೇ ಉರುಳುತ್ತಿದ್ದವು.

ಹಣ ಕೂಡಿಸಲು ಅವರು ದೇಶದ ಮುಂದೆ ಕೈಚಾಚಿದರು. ಒಂದು ಜಾಹೀರಾತು ಸಂಸ್ಥೆ ಪ್ರತಿಫಲವಿಲ್ಲದೆ ಪ್ರಚಾರ ರೂಪಿಸಿಕೊಟ್ಟಿತು. ಅದರ ಘೋಷವಾಕ್ಯ ‘ನಾನೊಂದು ಅವಘಡ’. ಇಲ್ಲಿ ಬಳಸಿದ ಜರ್ಮನ್ ಪದ ಅಣುಸ್ಥಾವರದೊಳಗೆ ಏನಾದರೂ ಕೆಟ್ಟಾಗ ವರದಿಗಳಲ್ಲಿ ಬರೆಯುವಂಥದು. ಮಗು, ಮುದುಕ, ಗೃಹಿಣಿ ಹೀಗೆ ಸಾಮಾನ್ಯರ ಚಿತ್ರದ ಕೆಳಗೆ ಆ ಮಾತು. ಅಣು ಉದ್ಯಮಕ್ಕೆ ನಾನೇ ಅವಘಡ ಎಂಬ ತಮಾಷೆ ಜರ್ಮನರಿಗೆ ಹಿಡಿಸಿತು. ದೇಶದ ನಾನಾ ಕಡೆಯಿಂದ ದೇಣಿಗೆ ಬಂತು. ಬೋಖುಮ್ ನಗರದ ಜಿ.ಎಲ್.ಎಸ್. ಎಂಬ ಬ್ಯಾಂಕು ನೆರವಾಯಿತು. ಕಂಪನಿಯೂ ಬೆಲೆಯನ್ನು ಇಳಿಸುತ್ತ ಬಂದು 57 ಲಕ್ಷ ಮಾರ್ಕಿಗೆ ನಿಂತಿತು. ಊರಿನವರು ಹಕ್ಕು ಕಾದಿರಿಸಿಕೊಂಡು ಅಷ್ಟನ್ನೂ ತೆತ್ತರು, ಜಾಲ ಪಡೆದರು, ಆಮೇಲೆ ನ್ಯಾಯಾಲಯಕ್ಕೆ ಹೋದರು. ಹಲವು ವರ್ಷಗಳ ವ್ಯಾಜ್ಯದ ನಂತರ, ತೆತ್ತ ಬೆಲೆ ಹೆಚ್ಚಾಗಿತ್ತೆಂದು ತೀರ್ಮಾನವಾಗಿ ದೊಡ್ಡ ಮೊತ್ತ ಮರಳಿ ಬಂತು.

ಬೆಟ್ಟದಾಚೆಗೆ

ದೀಪಗಳು ಆರಲಿಲ್ಲ. 1998ರಲ್ಲಿ ಜರ್ಮನಿಯ ವಿದ್ಯುತ್ ಮಾರುಕಟ್ಟೆ ತೆರೆದುಕೊಂಡು, ಯಾರು ಯಾರಿಂದ ಬೇಕಾದರೂ ಕರೆಂಟು ಕೊಳ್ಳಬಹುದೆಂದಾಯಿತು. ಶೋನಾವ್ ಸಂಸ್ಥೆ ದೇಶದ ಉದ್ದಗಲಕ್ಕೂ ಗ್ರಾಹಕರನ್ನು ಪಡೆಯಿತು. ಇಂದು ಅವರ ಸಂಖ್ಯೆ ಎರಡು ಲಕ್ಷಕ್ಕೂ ಹೆಚ್ಚು. ಅದರ ಪ್ರತಿ ಯೂನಿಟ್ಟಿನ ದರದಲ್ಲಿ ‘ಸೂರ್ಯನ ಕಾಸು’ ಎಂಬ ಸಣ್ಣ ಪಾಲು ಸೇರಿದ್ದು, ಅದರಿಂದ ಹೊಸ ಸೌರ ಮತ್ತಿತರ ಘಟಕಗಳಿಗೆ ನೆರವು ಸಿಗುತ್ತದೆ. ಊರಿನ ಇಗರ್ಜಿಯ ಮಾಡಿನ ಮೇಲೆ 1999ರಲ್ಲೇ ಸೌರಫಲಕಗಳು ಬಂದವು. 2009ರಲ್ಲಿ ಒಡೆತನ ಸಹಕಾರ ಸಂಘದ ರೂಪ ತಾಳಿತು.

2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾ ದುರಂತ ನಡೆಯಿತು. ಮರುತಿಂಗಳು ಉರ್ಸುಲಾ ಸ್ಲಾಡೆಕ್ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಆ ಸಂದರ್ಭದಲ್ಲಿ ಅಮೆರಿಕದ ಅಧ್ಯಕ್ಷ ಒಬಾಮ ಅವರನ್ನು ಕಂಡಾಗ, ಅಣುವಿದ್ಯುತ್ತಿನ ವಿರುದ್ಧ ನೂರು ಕಾರಣಗಳನ್ನು ಪಟ್ಟಿಮಾಡಿದ ತಮ್ಮೂರಿನ ಕಿರುಹೊತ್ತಿಗೆಯನ್ನು ಆಕೆ ಅವರ ಕೈಗಿತ್ತರು.

ಶೋನಾವ್‌ನ ಪ್ರಶ್ನೆಯನ್ನು ದೊಡ್ಡ ನಗರಗಳೂ ಕೇಳಿದವು. 2013ರ ಸೆಪ್ಟೆಂಬರಿನಲ್ಲಿ ಹ್ಯಾಂಬರ್ಗಿನ ಮತದಾರರು ತಮ್ಮ ವಿದ್ಯುತ್, ಅನಿಲ ಜಾಲಗಳನ್ನು ನಗರವೇ ಮರಳಿ ಕೊಳ್ಳಬೇಕೆಂದು ತೀರ್ಮಾನಿಸಿದರು. ಅದೇ ನವೆಂಬರಿನಲ್ಲಿ ಬರ್ಲಿನ್‌ನಲ್ಲಿ ಇಂಥದೇ ಮತದಾನಕ್ಕೆ ಬಹುಮತ ಬಂದರೂ, ಕಾನೂನು ಕೇಳುವ ಕನಿಷ್ಠ ಸಂಖ್ಯೆಗೆ ಕೊಂಚ ಕಡಿಮೆಬಿದ್ದು ಸೋತಿತು. ಆದರೂ 2021ರಲ್ಲಿ ಬರ್ಲಿನ್ ತನ್ನ ಜಾಲವನ್ನು ಕೊಂಡಿತು. 2023ರ ಏಪ್ರಿಲ್ 15ರಂದು ಜರ್ಮನಿಯ ಕೊನೆಯ ಮೂರು ಅಣುಸ್ಥಾವರಗಳು ನಿಂತವು. ಆ ವರ್ಷ ದೇಶದ ವಿದ್ಯುತ್ ಬಳಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿ, ಬಿಸಿಲು, ನೀರು ಮೊದಲಾದ ಬರಿದಾಗದ ಮೂಲಗಳದು. ಇದೆಲ್ಲ ಒಂದು ಊರಿನ ಸಾಧನೆಯಲ್ಲ. ನವೀಕರಿಸಬಹುದಾದ ವಿದ್ಯುತ್ತಿಗೆ ಇಪ್ಪತ್ತು ವರ್ಷ ನಿಶ್ಚಿತ ಬೆಲೆ ಕೊಡಿಸಿದ 2000ದ ಕಾನೂನಿನ ಪಾಲು ದೊಡ್ಡದು. ಯುರೋಪಿನಲ್ಲೇ ಅತಿ ಹೆಚ್ಚೆನ್ನಬಹುದಾದ ಬಿಲ್ಲು ಕಟ್ಟುವವರಲ್ಲಿ ಜರ್ಮನ್ ಗೃಹಸ್ಥನೂ ಒಬ್ಬ ಎಂಬುದನ್ನು ಮರೆಯುವಂತಿಲ್ಲ.

ಕರ್ನಾಟಕದ ಕಾನೂನು ಬೇರೆ. ಇಲ್ಲಿ ಊರಿನವರು ಕೂಡಿ ತಂತಿ ಕೊಳ್ಳುವ ಮಾತು ಸುಲಭವಲ್ಲ. ಆದರೆ ಲೆಕ್ಕ ಕೇಳಲು ಒಂದು ಬಾಗಿಲು ಇಲ್ಲಿಯೂ ಇದೆ. 1999ರಲ್ಲಿ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ ಬಂದಂದಿನಿಂದ, ದರ ಏರಿಸಬೇಕೆನ್ನುವ ಸಂಸ್ಥೆ ತನ್ನ ಖರ್ಚುವೆಚ್ಚವನ್ನು ಅದರ ಮುಂದಿಡಬೇಕು. ಆಯೋಗ ಸಾರ್ವಜನಿಕರ ಆಕ್ಷೇಪಣೆ ಕರೆದು ವಿಚಾರಣೆ ನಡೆಸಬೇಕು. ಅಲ್ಲಿ ಯಾವ ಬಳಕೆದಾರನೂ ಎದ್ದು ನಿಂತು ಕೇಳಬಹುದು. ಕೊಂಡ ಕರೆಂಟು ಎಲ್ಲಿಯದು, ದಾರಿಯಲ್ಲಿ ಸೋರಿದ್ದೆಷ್ಟು, ನಿಗದಿತ ಶುಲ್ಕ ಏರಿಸಿದ್ದೇಕೆ ಎಂಬ ಪ್ರಶ್ನೆಗಳಿಗೆ ಸಂಸ್ಥೆ ಉತ್ತರ ಕೊಡಬೇಕಾಗುತ್ತದೆ. ವಿಚಾರಣೆಯ ದಿನಾಂಕ ಪತ್ರಿಕೆಗಳಲ್ಲಿ ಸಣ್ಣ ಅಕ್ಷರದ ಪ್ರಕಟಣೆಯಾಗಿ ಬರುತ್ತದೆ. ಶೋನಾವ್‌ನ ಜನ ಮೊದಲು ಮಾಡಿದ್ದು ಇಷ್ಟೇ, ಅಂಥ ಸಣ್ಣ ಅಕ್ಷರಗಳನ್ನು ಓದಿದ್ದು.