ಅಂಬರನಾಥದ ಕಲ್ಲು ಎಷ್ಟು ಸವೆದಿದೆ?

ಕಲ್ಯಾಣ ಬಿಟ್ಟು ಕರ್ಜತ್ ಕಡೆಗೆ ಹೊರಟ ಲೋಕಲ್ಲಿಗೆ ಮೂರನೆಯ ನಿಲ್ದಾಣ ಅಂಬರನಾಥ. ಅಲ್ಲಿ ವಾಲ್ಧುನಿ ನದಿಯ ದಡದಲ್ಲಿರುವ ಶಿವಾಲಯ ಶಿಲಾಹಾರ ಅರಸ ಮುಮ್ಮುಣಿಯ ಕಾಲದ್ದು. ಶಾಸನ ಹೇಳುವ ವರ್ಷ ಕ್ರಿ.ಶ. 1060. ರಾಷ್ಟ್ರಕೂಟರ ಸಾಮಂತರಾಗಿ ಕೊಂಕಣದಲ್ಲಿ ನೆಲೆಯೂರಿದ ಮನೆತನವಿದು. ಗುಡಿಯ ಹೊರಗೋಡೆಯ ತುಂಬ ಶಿಲ್ಪ, ಕಲ್ಲು ಈ ಸೀಮೆಯ ಕಪ್ಪು ಬಸಾಲ್ಟ್. ಗಟ್ಟಿ ಕಲ್ಲೇ ಹೌದು, ಆದರೆ ಅದರೊಳಗಿನ ಕೆಲವು ಖನಿಜಗಳು ಕಾಲ ಕಳೆದಂತೆ ಜೇಡಿಯಾಗುತ್ತವೆ. ಜೇಡಿ ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಮೇಲ್ಪದರ ಹಕ್ಕಳೆಯಾಗಿ ಏಳುತ್ತದೆ. ಮೂರ್ತಿಗಳ ಮುಖ ಮಾಸಿರುವುದು ಕಣ್ಣಿಗೇ ಕಾಣುತ್ತದೆ. ಆದರೆ ಎಲ್ಲಿ, ಎಷ್ಟು, ಯಾವ ವೇಗದಲ್ಲಿ ಎಂದು ತಿಳಿಯದೆ ಯಾವ ಭಾಗವನ್ನು ಮೊದಲು ಉಳಿಸಿಕೊಳ್ಳಬೇಕೆಂದು ನಿರ್ಧರಿಸಲಾಗದು.

ಲೇಸರ್ ಸ್ಕ್ಯಾನರ್ ಇಂಥ ಗೋಡೆಯನ್ನು ಕೋಟಿಗಟ್ಟಲೆ ಬಿಂದುಗಳಾಗಿ ದಾಖಲಿಸುತ್ತದೆ. ಐದು ವರ್ಷ ಬಿಟ್ಟು ಮತ್ತೆ ದಾಖಲಿಸಿ, ಎರಡರ ವ್ಯತ್ಯಾಸ ತೆಗೆದರೆ ಸವೆತ ಸಿಕ್ಕಬೇಕು. ತೊಡಕಿರುವುದು ಹೊಂದಿಸುವಲ್ಲಿ. ಎರಡನೆಯ ಸಲ ಯಂತ್ರ ನಿಲ್ಲುವ ಜಾಗ ಬೇರೆ, ಕೋನ ಬೇರೆ. ಪಾಲ್ ಬೆಸ್ಲ್ ಮತ್ತು ನೀಲ್ ಮೆಕೇ 1992ರಲ್ಲಿ ಪ್ರಕಟಿಸಿದ ಐಸಿಪಿ ವಿಧಾನ ಇದಕ್ಕೆ ಹೆಸರುವಾಸಿ: ಒಂದು ಸ್ಕ್ಯಾನಿನ ಪ್ರತಿ ಬಿಂದುವಿಗೂ ಇನ್ನೊಂದರಲ್ಲಿ ಅತಿ ಹತ್ತಿರದ ಬಿಂದುವನ್ನು ಹುಡುಕುವುದು, ಒಟ್ಟು ಅಂತರ ಆದಷ್ಟು ಕಡಿಮೆಯಾಗುವಂತೆ ಸರಿಸಿ ತಿರುಗಿಸುವುದು, ಮತ್ತೆ ಹುಡುಕುವುದು. ಒಡೆದ ಶಿಲ್ಪದ ಚೂರುಗಳನ್ನು ಕೂಡಿಸಲು ಇದು ಸೊಗಸಾದ ಉಪಾಯ. ಸವೆತ ಅಳೆಯಲು ಮಾತ್ರ ಅಪಾಯಕಾರಿ, ಏಕೆಂದರೆ ಅದು ಕಡಿಮೆ ಮಾಡಲು ಹೊರಟಿರುವ ಅಂತರವೇ ನಾವು ಹುಡುಕುತ್ತಿರುವ ಸವೆತ. ಸಮತಟ್ಟು ಗೋಡೆಯೊಂದು ಪೂರ್ತಿ 3 ಮಿ.ಮೀ. ಸವೆದಿದ್ದರೆ ಈ ವಿಧಾನ ಇಡೀ ಗೋಡೆಯನ್ನೇ 3 ಮಿ.ಮೀ. ಮುಂದಕ್ಕೆ ತಂದು ಏನೂ ಆಗಿಲ್ಲವೆಂದು ವರದಿ ಕೊಡುತ್ತದೆ. ಅಲ್ಲಲ್ಲಿ 4 ಮಿ.ಮೀ. ಸವೆದು ಉಳಿದರ್ಧ ಹಾಗೇ ಇದ್ದರೆ, ಒಂದೆಡೆ 2 ಮಿ.ಮೀ. ನಷ್ಟ, ಇನ್ನೊಂದೆಡೆ 2 ಮಿ.ಮೀ. ಬೆಳವಣಿಗೆ ಎಂದೀತು. ಕಲ್ಲು ಬೆಳೆಯುವುದಿಲ್ಲ. ಹಾಗಾಗಿ ಹೊಂದಾಣಿಕೆಯ ಆಧಾರ ಸವೆಯುವ ಗೋಡೆಯ ಹೊರಗಿರಬೇಕು: ಗುಡಿಯ ಸುತ್ತ ಗಟ್ಟಿ ನೆಲದಲ್ಲಿ ಕದಲದಂತೆ ನೆಟ್ಟ ಗುರುತುಗಳು.

ಆ ಗುರುತುಗಳೇ ಕದಲಿದರೆ ಎಂಬ ಪ್ರಶ್ನೆ ನ್ಯಾಯವಾದದ್ದು. ಹೊಂದಿಸಲು ಮೂರು ಸಾಕು. ಆದರೆ ಏಳೆಂಟು ನೆಟ್ಟರೆ ಕದಲಿದ್ದು ಉಳಿದವುಗಳ ಲೆಕ್ಕಕ್ಕೆ ಕೂಡದೆ ತಾನಾಗಿ ಸಿಕ್ಕಿಬೀಳುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಯಂತ್ರದ ತಪ್ಪೇ ಮಿಲಿಮೀಟರುಗಳಲ್ಲಿರುವಾಗ ನಿಧಾನದ ಸವೆತ ಗೊತ್ತಾಗುವುದು ಹೇಗೆ? ಉದಾಹರಣೆಗೆ ಪ್ರತಿ ಸ್ಕ್ಯಾನಿನ ತಪ್ಪು 2 ಮಿ.ಮೀ., ಹೊಂದಾಣಿಕೆಯದು 1 ಮಿ.ಮೀ. ಎನ್ನೋಣ. ಇವುಗಳ ವರ್ಗಗಳನ್ನು ಕೂಡಿದರೆ 9, ವರ್ಗಮೂಲ 3. ನೂರಕ್ಕೆ 95ರಷ್ಟು ಭರವಸೆ ಬೇಕೆಂದರೆ ಸುಮಾರು 6 ಮಿ.ಮೀ.ಗಿಂತ ಕಡಿಮೆ ಬದಲಾವಣೆಯನ್ನು ನಂಬಲಾಗದು. ಆದರೆ ಅಕ್ಕಪಕ್ಕದ ನೂರು ಬಿಂದುಗಳ ಸರಾಸರಿ ತೆಗೆದರೆ ಸ್ಕ್ಯಾನಿನ ಅಡ್ಡಾದಿಡ್ಡಿ ತಪ್ಪು ಹತ್ತನೇ ಒಂದಕ್ಕೆ ಇಳಿದು, ಮಿತಿ ಸುಮಾರು 2 ಮಿ.ಮೀ.ಗೆ ಬರುತ್ತದೆ. ಅದಕ್ಕಿಂತ ಕೆಳಗೆ ಇಳಿಯಗೊಡದಿರುವುದು ಹೊಂದಾಣಿಕೆಯ ತಪ್ಪು; ಅದು ಎಲ್ಲ ಬಿಂದುಗಳನ್ನೂ ಒಟ್ಟಿಗೆ ಜರುಗಿಸುವುದರಿಂದ ಸರಾಸರಿಗೆ ಬಗ್ಗುವುದಿಲ್ಲ. ದುಬಾರಿ ಸ್ಕ್ಯಾನರಿಗಿಂತ ನೆಲದಲ್ಲಿ ನೆಟ್ಟ ಗುರುತೇ ಇಲ್ಲಿ ಮುಖ್ಯವೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ಗುರುತಿಲ್ಲದೆ ತೆಗೆದ ಮೊದಲ ಸ್ಕ್ಯಾನಿನ ಕೊರತೆಯನ್ನು ಆಮೇಲೆ ತುಂಬಲು ಬಾರದು. ಡೊಂಬಿವಲಿ, ಠಾಣೆ, ನವಿ ಮುಂಬಯಿಯ ಎಂಜಿನಿಯರಿಂಗ್ ಕಾಲೇಜುಗಳು ಪುರಾತತ್ತ್ವ ಇಲಾಖೆಯ ಅನುಮತಿ ಪಡೆದು ಈ ಕೆಲಸಕ್ಕೆ ಇಳಿಯುವುದಾದರೆ, ಸ್ಕ್ಯಾನರ್ ಬಾಡಿಗೆಗೆ ತರುವ ಮೊದಲು ಗುರುತುಗಳನ್ನು ನೆಡಲಿ. ಅವುಗಳ ಅಳತೆಯನ್ನು ಮುಂದೆ ಅಳೆಯುವವರಿಗೆ ಸಿಗುವಂತೆ ಕಾಪಿಡಲಿ.